ಹೊನ್ನಬಣ್ಣದ ಲೋಳೆ, ಹೂವಿನಂಥ ನೆರಳು

ಅಕ್ಟೋಬರ್ ಬಂತೆಂದರೆ ಜಪಾನಿನ ನಾಗಾನೊ ಪ್ರಾಂತ್ಯದಲ್ಲಿ ಭತ್ತದ ಕೊಯ್ಲು ಮುಗಿಯುವ ಹೊತ್ತು. ಮತ್ಸುಮೊತೊ ನಗರದ ಪಶ್ಚಿಮಕ್ಕೆ ಸಾಲುಗಟ್ಟಿ ನಿಂತ ಉತ್ತರ ಆಲ್ಪ್ಸ್ ಪರ್ವತಗಳ ನೆತ್ತಿಗೆ ಹೊಸ ಹಿಮ ತಾಗುತ್ತದೆ. ಊರ ನಡುವಿನ ಹಳೆಯ ಕೋಟೆಯ ಕಪ್ಪು ಹಲಗೆಗಳು ಕಂದಕದ ನೀರಿನಲ್ಲಿ ಮೂಡಿ ಅಲುಗುತ್ತವೆ. ರಸ್ತೆಬದಿಯಲ್ಲಿ, ಗದ್ದೆಯ ಬದುವಿನಲ್ಲಿ ಕಾಸ್ಮೋಸ್ ಹೂಗಳು: ಗುಲಾಬಿ, ಬಿಳಿ, ಕೆನ್ನೇರಳೆ. ನಮ್ಮ ಅಂಗಳಗಳಲ್ಲೂ ಅರಳುವ ಹೂವೇ ಅದು. ನಡುವೆ ಪುಟ್ಟ ಪುಟ್ಟ ಹೂಗಳು ಒತ್ತೊತ್ತಾಗಿ ಕೂಡಿದ ಹಳದಿ ಬಿಲ್ಲೆ, ಅದರ ಸುತ್ತ ಅಗಲವಾಗಿ ಹರಡಿದ ದಳಗಳು.

ಈ ಊರಿನ ಶಿನ್ಶು ವಿಶ್ವವಿದ್ಯಾಲಯದ ವೈದ್ಯರ ಬಾಯಲ್ಲಿ ಆ ಹೂವಿನ ಹೆಸರು ಬೇರೆಯೇ ಕಾರಣಕ್ಕೆ ಬರುತ್ತದೆ. ಎಂಆರ್‌ಐ ಚಿತ್ರದಲ್ಲಿ ಹೆಂಗಸಿನ ಕಿಬ್ಬೊಟ್ಟೆ ಕಪ್ಪು, ಬೂದು, ಬಿಳಿಗಳ ಪದರಗಳಾಗಿ ತೆರೆದುಕೊಳ್ಳುತ್ತದೆ. ಮೂತ್ರಕೋಶ ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಗರ್ಭಕೋಶದ ದಪ್ಪ ಗೋಡೆ ಬೂದಾಗಿ ಕಾಣುತ್ತದೆ. ಕೆಳಕ್ಕಿಳಿದು ಕಿರಿದಾಗುವ ಭಾಗವೇ ಗರ್ಭಕಂಠ. ಕೆಲವರ ಗರ್ಭಕಂಠದ ಮೇಲ್ಭಾಗದಲ್ಲಿ, ನಾಳದ ಗೋಡೆಯೊಳಗೆ, ದ್ರವ ತುಂಬಿದ ಗುಳ್ಳೆಗಳ ಒಂದು ಗುಂಪು ಬೆಳ್ಳಗೆ ಮೂಡಿರುತ್ತದೆ. ನಡುವೆ ತೀರಾ ಸಣ್ಣ ಗುಳ್ಳೆಗಳು ದಟ್ಟವಾಗಿ, ಸುತ್ತಲೂ ದೊಡ್ಡ ಗುಳ್ಳೆಗಳು ಸಡಿಲವಾಗಿ. ಜಪಾನಿನ ವೈದ್ಯರು ಇದನ್ನು ‘ಕಾಸ್ಮೋಸ್ ವಿನ್ಯಾಸ’ ಎಂದು ಕರೆದರು.

ನೋಟಕ್ಕೆ ಚೆಂದದ ಈ ನೆರಳು ಹಿಂದೆ ಎಷ್ಟೋ ಹೆಂಗಸರ ಗರ್ಭಕೋಶವನ್ನೇ ತೆಗೆಸಿದೆ. ಅದನ್ನು ಕಂಡೂ ನಿರುಪದ್ರವಿ ಎಂದು ಬಿಟ್ಟರೆ ಯಾರೋ ಒಬ್ಬಳ ಜೀವಕ್ಕೆ ಕುತ್ತು ಬರಲೂಬಹುದು. ಈ ಎರಡು ಭಯಗಳ ನಡುವೆ ಸಿಕ್ಕಿಕೊಂಡಿರುವ ಒಂದು ‘ಗಾಯ’ದ, ಅಂದರೆ ಅಂಗಾಂಶದಲ್ಲಾದ ಒಂದು ಬದಲಾವಣೆಯ, ಚಿತ್ರವಿದು.

ಮೊದಲು ಆ ಜಾಗವನ್ನೇ ನೋಡೋಣ. ಗರ್ಭಕೋಶದಿಂದ ಯೋನಿಗೆ ಇಳಿಯುವ ಈ ಕೊರಳಿನ ಉದ್ದ ಸುಮಾರು 3 ಸೆಂಟಿಮೀಟರ್. ಅದರ ನಡುವಿನ ನಾಳದ ಒಳಗೋಡೆ ನುಣುಪಾಗಿಲ್ಲ. ಮಡಿಕೆ ಮಡಿಕೆಯಾಗಿ, ಆಳದ ಸಂದುಗಳಾಗಿ ಒಳಕ್ಕೆ ಇಳಿದಿದೆ. ಸಂದುಗಳಿಗೆ ಹೊದಿಸಿದಂತೆ ಒಂದೇ ಸಾಲು ಎತ್ತರದ ಜೀವಕೋಶಗಳು. ಪ್ರತಿ ಕೋಶದ ಬುಡದಲ್ಲಿ ಪುಟ್ಟ ಕೋಶಕೇಂದ್ರ, ಮೇಲೆಲ್ಲ ಲೋಳೆ. ತಿಂಗಳ ಹೆಚ್ಚು ದಿನ ಈ ಲೋಳೆ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ನೀರಾಗಿ, ಎಳೆದರೆ ದಾರದಂತೆ ಬರುವಷ್ಟು ತೆಳುವಾಗಿ, ವೀರ್ಯಾಣುವಿಗೆ ದಾರಿ ಬಿಡುತ್ತದೆ. ತಡೆಯುವ ಕೆಲಸ, ಬಿಡುವ ಕೆಲಸ ಎರಡನ್ನೂ ಒಂದೇ ಸಾಲು ಕೋಶಗಳು ಹೆಂಗಸಿನ ಅರ್ಧ ಆಯುಸ್ಸು ಸದ್ದಿಲ್ಲದೆ ಮಾಡಿಕೊಂಡು ಬರುತ್ತವೆ.

ಗರ್ಭಕಂಠದ ಕ್ಯಾನ್ಸರ್ ಎಂದಾಗ ನಾವು ಕೇಳಿರುವುದು ಹೆಚ್ಚಾಗಿ ಈ ನಾಳದ ಹೊರಬಾಯಿಯ ಕಥೆ. ಯೋನಿಯ ಕಡೆಯ ಚಪ್ಪಟೆ ಕೋಶಗಳೂ ನಾಳದ ಎತ್ತರದ ಕೋಶಗಳೂ ಸಂಧಿಸುವ ಗಡಿಯಲ್ಲಿ ಎಚ್‌ಪಿವಿ ವೈರಸ್ ನೆಲೆಯೂರುತ್ತದೆ. ಹ್ಯಾರಲ್ಡ್ ಟ್ಸುರ್ ಹೌಸೆನ್ ಈ ನಂಟನ್ನು ತೋರಿಸಿಕೊಟ್ಟು 2008ರಲ್ಲಿ ನೊಬೆಲ್ ಪಡೆದರು. ಈ ಕ್ಯಾನ್ಸರಿನ ಸುಮಾರು 95% ಪ್ರಕರಣಗಳ ಬೆನ್ನಿಗೆ ಈ ವೈರಸ್ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲಸಿಕೆ, ಎಚ್‌ಪಿವಿ ಪರೀಕ್ಷೆ, ಹೊರಬಾಯಿಯನ್ನು ಸವರಿ ನೋಡುವ ಪ್ಯಾಪ್ ಪರೀಕ್ಷೆ, ಹೀಗೆ ನಮ್ಮ ಕಾವಲೆಲ್ಲ ಆ ಗಡಿಯಲ್ಲೇ ನಿಂತಿದೆ.

ನಾವು ನೋಡಹೊರಟಿರುವ ಗಾಯ ಬೆಳೆಯುವುದು ಆ ಗಡಿಗಿಂತ ಮೇಲೆ, ನಾಳದ ಒಳಬಾಯಿಯ ಹತ್ತಿರ. ಅದಕ್ಕೆ ವೈರಸ್ಸಿನ ಹಂಗಿಲ್ಲ.

ಪೆಥಾಲಜಿ ಪ್ರಯೋಗಾಲಯಕ್ಕೆ ಬಂದ ತುಣುಕು ಮೊದಲು ಫಾರ್ಮಲಿನ್‌ನಲ್ಲಿ ನೆನೆಯುತ್ತದೆ. ಆಮೇಲೆ ಅದರ ನೀರನ್ನೆಲ್ಲ ಆಲ್ಕೋಹಾಲ್ ಹೀರಿಕೊಳ್ಳುತ್ತದೆ, ನೀರಿದ್ದ ಜಾಗವನ್ನು ಕರಗಿದ ಮೇಣ ತುಂಬುತ್ತದೆ. ಮೇಣದ ಅಚ್ಚನ್ನು ಮೈಕ್ರೋಟೋಮ್ ಯಂತ್ರದ ಅಲಗಿಗೆ ಕೊಟ್ಟರೆ ನಾಲ್ಕೈದು ಮೈಕ್ರಾನ್ ದಪ್ಪದ ಪೊರೆ ಸುರುಳಿಯಾಗಿ ಬಿಡಿಸಿಕೊಂಡು ಬರುತ್ತದೆ. ಬೆಚ್ಚನೆಯ ನೀರಿನ ಮೇಲೆ ಅದನ್ನು ತೇಲಿಸಿ, ಸುಕ್ಕು ಬಿಡಿಸಿ, ಗಾಜಿನ ಪಟ್ಟಿಗೆ ಎತ್ತಿಕೊಳ್ಳುತ್ತಾರೆ. ಕೋಶಕೇಂದ್ರಗಳಿಗೆ ನೀಲಿ ಕೊಡುವುದು ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬಂದ ಹೆಮಟಾಕ್ಸಿಲಿನ್. ಉಳಿದದ್ದಕ್ಕೆಲ್ಲ ಗುಲಾಬಿ ಕೊಡುವುದು ಇಯೋಸಿನ್. ಗಾಜಿನ ಪಟ್ಟಿ ಸೂಕ್ಷ್ಮದರ್ಶಕದ ಕೆಳಗೆ ಬರುತ್ತದೆ, ದೀಪ ಹತ್ತುತ್ತದೆ.

ಮೊದಲು ಕಾಣುವುದು ಗುಲಾಬಿ ಬಣ್ಣದ ನಾರಿನ ಬಯಲು. ಅದರ ನಡುವೆ ಬಿಡಿಬಿಡಿಯಾಗಿ ಚೆದುರಿದ, ಆಕಾರ ನೆಟ್ಟಗಿಲ್ಲದ ಮಾಮೂಲಿ ಸಂದುಗಳು. ಪಟ್ಟಿಯನ್ನು ಇನ್ನಷ್ಟು ಸರಿಸಿದರೆ ನೋಟ ಬದಲಾಗುತ್ತದೆ. ಅಗಲವಾದ ಒಂದು ಗ್ರಂಥಿಯ ಸುತ್ತ ಹತ್ತಾರು ಪುಟ್ಟ, ದುಂಡನೆಯ ಗ್ರಂಥಿಗಳು ಒತ್ತಿಕೊಂಡು ಕೂತಿರುತ್ತವೆ. ಅಂಥದೇ ಇನ್ನೊಂದು ಗುಂಪು ಪಕ್ಕದಲ್ಲಿ, ಮತ್ತೊಂದು ಕೆಳಗೆ. ಹಲಸಿನ ಹಣ್ಣನ್ನು ಅಡ್ಡಕ್ಕೆ ಕೊಯ್ದಾಗ ನಡುದಿಂಡಿನ ಸುತ್ತ ತೊಳೆಗಳು ಕೂತಿರುವ ಕ್ರಮವೇ ಅದು. ಗುಂಪಿನ ಅಂಚು ಸ್ಪಷ್ಟ. ಸುತ್ತಲ ನಾರಿನೊಳಕ್ಕೆ ಯಾವುದೂ ನುಗ್ಗಿಲ್ಲ. ಮಸೂರವನ್ನು ಬದಲಿಸಿ ಹತ್ತಿರದಿಂದ ನೋಡಿದರೂ ಕೋಶಗಳು ಶಿಸ್ತಾಗಿಯೇ ಇವೆ: ಬುಡದಲ್ಲಿ ಸಾಲಾಗಿ ನಿಂತ ಚಿಕ್ಕ ಕೇಂದ್ರಗಳು, ಮೇಲೆ ತಿಳಿಯಾದ ಲೋಳೆ. ವಿಭಜನೆಯಾಗುತ್ತಿರುವ ಕೋಶ ಸಿಗುವುದೇ ಅಪರೂಪ. ಇದೇ ಲೋಬ್ಯುಲರ್ ಎಂಡೋಸರ್ವೈಕಲ್ ಗ್ಲ್ಯಾಂಡುಲರ್ ಹೈಪರ್‌ಪ್ಲೇಸಿಯ. ವೈದ್ಯರು ಚುಟುಕಾಗಿ ಎಲ್‌ಇಜಿಎಚ್ ಎನ್ನುತ್ತಾರೆ. 1999ರಲ್ಲಿ ಅಮೆರಿಕದ ಪೆಥಾಲಜಿಸ್ಟ್ ಮರಿಸಾ ನುಚಿ ಮತ್ತು ಸಂಗಡಿಗರು ಇದನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದರು. ಅವರ ಕಣ್ಣಿಗೆ ಅದು ಕ್ಯಾನ್ಸರ್ ಎಂದು ತಪ್ಪಾಗಿ ತಿಳಿಯಬಾರದ ಒಂದು ನಿರುಪದ್ರವಿ ಬೆಳವಣಿಗೆ.

ಆ ಎಚ್ಚರಿಕೆಗೆ ತಕ್ಕ ಕಾರಣವಿತ್ತು. ಇದನ್ನೇ ಹೋಲುವ ಒಂದು ಕ್ಯಾನ್ಸರ್ ವೈದ್ಯರನ್ನು ಶತಮಾನಕ್ಕೂ ಮೀರಿ ಕಾಡಿಸಿತ್ತು. 1870ರಲ್ಲಿ ಜರ್ಮನಿಯ ಅಡಾಲ್ಫ್ ಗುಸೆರೊ ಬರೆದಿಟ್ಟ ‘ಅಡಿನೋಮ ಮಲಿಗ್ನಂ’ ಅದು. ಸೂಕ್ಷ್ಮದರ್ಶಕದ ಕೆಳಗೆ ಅದರ ಗ್ರಂಥಿಗಳು ಆರೋಗ್ಯವಂತ ಗ್ರಂಥಿಗಳಂತೆಯೇ ಕಾಣುತ್ತವೆ. ದೇಹದೊಳಗೆ ಮಾತ್ರ ಗೋಡೆ ಕೊರೆದು ಅಂಡಾಶಯಕ್ಕೆ, ಹೊಟ್ಟೆಯ ಪೊರೆಗೆ ಹರಡುತ್ತವೆ. 1975ರಲ್ಲಿ ಸಿಲ್ವರ್‌ಬರ್ಗ್ ಮತ್ತು ಹರ್ಟ್ ಇದಕ್ಕೆ ‘ಮಿನಿಮಲ್ ಡೀವಿಯೇಷನ್ ಅಡಿನೋಕಾರ್ಸಿನೋಮ’ ಎಂಬ ಹೆಸರು ಕೊಟ್ಟರು. ಸಹಜ ರೂಪದಿಂದ ಕೂದಲೆಳೆಯಷ್ಟೇ ಸರಿದ ಕ್ಯಾನ್ಸರ್ ಎಂದು ಹೆಸರೇ ಒಪ್ಪಿಕೊಂಡಿತು. ನಿರುಪದ್ರವಿಯೊಂದು ಕ್ಯಾನ್ಸರಿನಂತೆ ಕಾಣುತ್ತದೆ, ಕ್ಯಾನ್ಸರೊಂದು ನಿರುಪದ್ರವಿಯಂತೆ ಕಾಣುತ್ತದೆ. ಎರಡೂ ಇರುವುದು ಒಂದೇ ಜಾಗದಲ್ಲಿ, ಎರಡರ ಲಕ್ಷಣವೂ ಒಂದೇ: ನಿಲ್ಲದೆ ಸುರಿಯುವ ನೀರಿನಂಥ ಸ್ರಾವ. ಹಾಗಾದರೆ ಇವು ಬರೀ ತದ್ರೂಪಿಗಳೋ, ರಕ್ತಸಂಬಂಧಿಗಳೋ?

ಉತ್ತರದ ಮೊದಲ ಎಳೆ ಸಿಕ್ಕಿದ್ದು ಲೋಳೆಯಲ್ಲಿ.

ಪ್ಯಾಪ್ ಪರೀಕ್ಷೆಯ ಗಾಜಿನ ಮೇಲೆ ಗರ್ಭಕಂಠದ ಸಹಜ ಲೋಳೆ ನಸುಗೆಂಪು ನೇರಳೆಯಾಗಿ ಬಣ್ಣ ಹಿಡಿಯುತ್ತದೆ. ಈ ಗಾಯವಿರುವ ಹೆಂಗಸಿನ ಗಾಜಿನ ಮೇಲೆ ಕೆಲವು ಕೋಶಗಳೊಳಗಿನ ಲೋಳೆ ಹೊನ್ನಬಣ್ಣಕ್ಕೆ ತಿರುಗಿರುತ್ತದೆ. ಒಂದೇ ಗಾಜಿನಲ್ಲಿ ಎರಡು ಬಣ್ಣ, ಅಕ್ಕಪಕ್ಕದಲ್ಲಿ. ಬೇರೆ ಬಣ್ಣಗಳನ್ನು ಬಳಸಿದರೂ ಇದೇ ಭೇದ. ಆಲ್ಷಿಯನ್ ಬ್ಲೂ ಮತ್ತು ಪಿಎಎಸ್ ಎರಡನ್ನೂ ಜೊತೆಗೆ ಹಾಕಿದಾಗ ಗರ್ಭಕಂಠದ ಆಮ್ಲೀಯ ಲೋಳೆ ನೀಲಿಯತ್ತ ಸರಿದರೆ, ಇದು ಕಡುಗುಲಾಬಿಯಾಗಿ ಉರಿಯುತ್ತದೆ. ಅದು ತಟಸ್ಥ ಲೋಳೆ. ಅಂಥ ಲೋಳೆ ಸಹಜವಾಗಿ ತಯಾರಾಗುವುದು ಗರ್ಭಕಂಠದಲ್ಲಲ್ಲ, ಜಠರದಲ್ಲಿ; ಜಠರ ಕರುಳಿಗೆ ತೆರೆದುಕೊಳ್ಳುವ ಪೈಲೋರಸ್ ಎಂಬ ತುದಿಯ ಗ್ರಂಥಿಗಳಲ್ಲಿ.

ಭ್ರೂಣದಲ್ಲಿ ಜಠರಕ್ಕೂ ಗರ್ಭಕಂಠಕ್ಕೂ ಮೂಲ ಬೇರೆ ಬೇರೆ. ಆದರೂ ನಲವತ್ತರ ಆಸುಪಾಸಿನ ಕೆಲವು ಹೆಂಗಸರ ಗರ್ಭಕಂಠದಲ್ಲಿ ಒಂದಷ್ಟು ಕೋಶಗಳು ತಮ್ಮ ಕಸುಬು ಮರೆತು ಜಠರದ ಕಸುಬು ಹಿಡಿಯುತ್ತವೆ. 2001ರಲ್ಲಿ ಜಪಾನಿನ ಯೋಶಿಕಿ ಮಿಕಾಮಿ ಮತ್ತು ಸಂಗಡಿಗರು ಎಲ್‌ಇಜಿಎಚ್ ಎಂದರೆ ಹೀಗೆ ಪೈಲೋರಸ್ ಗ್ರಂಥಿಗಳ ಗುಣ ತಳೆದ ಅಂಗಾಂಶವೆಂದು ತೋರಿಸಿದರು. 2004ರಲ್ಲಿ ಅವರದೇ ಇನ್ನೊಂದು ಅಧ್ಯಯನ, ಅಡಿನೋಮ ಮಲಿಗ್ನಂಗೂ ಇದೇ ಜಠರದ ಗುಣವಿರುವುದನ್ನು ಮುಂದಿಟ್ಟು, ಎರಡರ ನಡುವೆ ಕೊಂಡಿ ಇರಬಹುದೆಂದಿತು.

ಈ ಜಠರದ ಲೋಳೆಗೆ ಮತ್ಸುಮೊತೊದಲ್ಲಿ ಇನ್ನೊಂದು ಸೊಗಸಾದ ಅಧ್ಯಾಯವಿದೆ. ಅದರ ಪ್ರೋಟೀನಿಗೆ ಅಂಟಿದ ಸಕ್ಕರೆಯ ಸರಪಳಿಗಳ ತುದಿಯಲ್ಲಿ ಆಲ್ಫಾ ಗ್ಲಕ್‌ನ್ಯಾಕ್ ಎಂಬ ವಿಶೇಷ ಸಕ್ಕರೆಯಿದೆ. ಜುನ್ ನಾಕಾಯಾಮಾ ಮತ್ತು ಸಂಗಡಿಗರು 2004ರಲ್ಲಿ ಕಂಡುಕೊಂಡಂತೆ, ಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ತನ್ನ ಕೋಶಗೋಡೆ ಕಟ್ಟಿಕೊಳ್ಳದಂತೆ ಈ ಸಕ್ಕರೆ ತಡೆಯುತ್ತದೆ. ಜಠರ ತಾನೇ ಸುರಿಸಿಕೊಳ್ಳುವ ಆಂಟಿಬಯಾಟಿಕ್ ಅದು. ಈ ಸಕ್ಕರೆಯನ್ನೇ ಹುಡುಕಿ ಹಿಡಿಯುವ ಪ್ರತಿಕಾಯ ಎಚ್‌ಐಕೆ1083. ಅದನ್ನು ಗರ್ಭಕಂಠದ ತುಣುಕಿನ ಮೇಲೆ ಹಾಕಿದಾಗ ಸಹಜ ಗ್ರಂಥಿಗಳು ಬಣ್ಣ ಹಿಡಿಯುವುದಿಲ್ಲ, ಎಲ್‌ಇಜಿಎಚ್ ಗುಂಪುಗಳು ಕಂದಾಗಿ ಎದ್ದು ಕಾಣುತ್ತವೆ. ಅಲ್ಲಿನ ಸಂಶೋಧಕರು ಒಂದು ಹೆಜ್ಜೆ ಮುಂದೆ ಹೋಗಿ, ಗರ್ಭಕಂಠದ ಲೋಳೆಯನ್ನೇ ತೆಗೆದು ಈ ಪ್ರತಿಕಾಯದೊಂದಿಗೆ ಬೆರೆಸಿ ನೋಡುವ ಪರೀಕ್ಷೆಯನ್ನೂ ರೂಪಿಸಿದರು. ಎಂಆರ್‌ಐಯ ಹೂ, ಪ್ಯಾಪ್ ಗಾಜಿನ ಹೊನ್ನು, ಪ್ರತಿಕಾಯದ ಉತ್ತರ, ಮೂರನ್ನೂ ಒಟ್ಟಿಗಿಟ್ಟು ಓದಿದರೆ ಕತ್ತರಿ ಹಾಕುವ ಮುನ್ನವೇ ಗಾಯದ ಸ್ವಭಾವವನ್ನು ಬಹುಮಟ್ಟಿಗೆ ಅಂದಾಜಿಸಬಹುದು.

2007ರಲ್ಲಿ ಅತ್ಸುಮಿ ಕೊಜಿಮಾ ಮತ್ತು ಸಂಗಡಿಗರು ಜಠರದ ಗುಣವಿರುವ ಗರ್ಭಕಂಠ ಕ್ಯಾನ್ಸರುಗಳನ್ನೆಲ್ಲ ಒಂದು ಬಗೆಯಾಗಿ ಗುರುತಿಸಿದರು. ಮುಗ್ಧ ಮುಖದ ಅಡಿನೋಮ ಮಲಿಗ್ನಂ ಆ ಕುಟುಂಬದ ಒಂದು ತುದಿ, ನೋಡಿದೊಡನೆ ಕ್ಯಾನ್ಸರ್ ಎನ್ನುವಂಥವು ಇನ್ನೊಂದು ತುದಿ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣಕ್ಕೆ ‘ಗ್ಯಾಸ್ಟ್ರಿಕ್ ಟೈಪ್’ ಸೇರಿತು. 2020ರ ವರ್ಗೀಕರಣ ಗರ್ಭಕಂಠದ ಗ್ರಂಥಿ ಕ್ಯಾನ್ಸರುಗಳನ್ನೆಲ್ಲ ಎಚ್‌ಪಿವಿ ಇರುವವು, ಇಲ್ಲದವು ಎಂದೇ ಎರಡಾಗಿ ವಿಂಗಡಿಸಿತು. ಎಚ್‌ಪಿವಿ ಇಲ್ಲದವುಗಳಲ್ಲಿ ಈ ಜಠರದ ಬಗೆಯೇ ಮುಖ್ಯ. ಜಪಾನಿನಲ್ಲಿ ಗರ್ಭಕಂಠದ ಗ್ರಂಥಿ ಕ್ಯಾನ್ಸರುಗಳ ಸುಮಾರು ಐದನೇ ಒಂದು ಭಾಗ ಈ ಬಗೆಯದು. ಪಶ್ಚಿಮದ ದೇಶಗಳಲ್ಲಿ ಅದಕ್ಕಿಂತ ಕಡಿಮೆ. ಇದರ ಕ್ರೌರ್ಯಕ್ಕೆ 2015ರಲ್ಲಿ ಪ್ರಕಟವಾದ ಒಂದು ಹೋಲಿಕೆಯೇ ಸಾಕು: ಸಾಮಾನ್ಯ ಬಗೆಯ ಗ್ರಂಥಿ ಕ್ಯಾನ್ಸರಿನಲ್ಲಿ 5 ವರ್ಷ ದಾಟಿದವರು 91%, ಇದರಲ್ಲಿ 42%.

ಇನ್ನು ಮುಖ್ಯ ಪ್ರಶ್ನೆ. ಶಿಸ್ತಿನಿಂದ ಕೂತ ಆ ಗುಂಪುಗಳೇ ಒಂದು ದಿನ ಶಿಸ್ತು ತಪ್ಪಿ ಕ್ಯಾನ್ಸರ್ ಆಗುತ್ತವೆಯೇ?

ಸಾಕ್ಷ್ಯಗಳು ಒಂದೊಂದಾಗಿ ಬಂದು ಕೂಡಿಕೊಂಡಿವೆ. ಕ್ಯಾನ್ಸರಿಗಾಗಿ ತೆಗೆದ ಕೆಲವು ಗರ್ಭಕಂಠಗಳಲ್ಲಿ ಎಲ್‌ಇಜಿಎಚ್ ಕ್ಯಾನ್ಸರಿನ ಪಕ್ಕದಲ್ಲೇ ಇರುತ್ತದೆ. ಒಂದೇ ಗಾಜಿನ ಪಟ್ಟಿಯನ್ನು ಎಡದಿಂದ ಬಲಕ್ಕೆ ಸರಿಸುತ್ತ ಹೋದರೆ ಮೊದಲು ಸಹಜ ಸಂದುಗಳು. ಆಮೇಲೆ ಗುಂಪುಕಟ್ಟಿದ ದುಂಡು ಗ್ರಂಥಿಗಳು. ಆಮೇಲೆ ಅದೇ ಗುಂಪಿನ ಚೌಕಟ್ಟಿನೊಳಗೆ ಕೋಶಕೇಂದ್ರಗಳು ಉಬ್ಬಿ, ಅಂಚು ಒರಟಾಗಿ, ಸಾಲು ತಪ್ಪಿ ಮೇಲಕ್ಕೆ ಏರಿರುವ ಭಾಗ. ಈ ನಡುಹಂತಕ್ಕೆ ‘ಅಸಹಜ ಎಲ್‌ಇಜಿಎಚ್’ ಎಂದು ಹೆಸರು. ಮತ್ತೂ ಸರಿಸಿದರೆ ಚೌಕಟ್ಟು ಒಡೆಯುತ್ತದೆ. ಮೊನಚಾದ, ಕವಲೊಡೆದ ಗ್ರಂಥಿಗಳು ನಾರಿನ ಆಳಕ್ಕೆ, ದಪ್ಪ ರಕ್ತನಾಳಗಳ ಮಗ್ಗುಲಿಗೆ ಇಳಿದಿರುತ್ತವೆ. 2008ರಲ್ಲಿ ಜಪಾನಿನ ಸಂಶೋಧಕರು ವರ್ಣತಂತುಗಳನ್ನೇ ಹೋಲಿಸಿ, ಕ್ಯಾನ್ಸರಿನಲ್ಲಿ ಕಾಣುವ ಏರುಪೇರುಗಳು ಕೆಲವು ಎಲ್‌ಇಜಿಎಚ್‌ಗಳಲ್ಲೂ ಇರುವುದನ್ನು ತೋರಿಸಿದರು. ಜಿಎನ್‌ಎಎಸ್ ಎಂಬ ಜೀನಿನ ಬದಲಾವಣೆ ಕೆಲವು ಎಲ್‌ಇಜಿಎಚ್‌ಗಳಲ್ಲೂ ಸಿಕ್ಕಿತು, ಕೆಲವು ಕ್ಯಾನ್ಸರುಗಳಲ್ಲೂ ಸಿಕ್ಕಿತು. ಶಿನ್ಶು ತಂಡಕ್ಕೆ ಮತ್ತೊಂದು ಸುಳಿವು ಕಂಡಿತು: ಲೋಳೆಯ ಪ್ರೋಟೀನು ಹಾಗೆಯೇ ಉಳಿದಿದ್ದರೂ ಅದರ ತುದಿಯ ವಿಶೇಷ ಸಕ್ಕರೆ ಅಸಹಜ ಹಂತದಲ್ಲಿ, ಕ್ಯಾನ್ಸರಿನಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಜಠರವನ್ನು ಕಾಯುವ ಸಕ್ಕರೆಯೇ ಇಲ್ಲಿ ಗಾಯ ಕೆಡುತ್ತಿರುವುದರ ಗುರುತೂ ಆಗಿದೆ.

ಇಷ್ಟಿದ್ದರೂ ವೈದ್ಯರು ‘ಸಂಭಾವ್ಯ’ ಎಂಬ ಮಾತನ್ನು ಬಿಟ್ಟುಕೊಟ್ಟಿಲ್ಲ. ಬಿಟ್ಟುಕೊಡಬಾರದು ಕೂಡ. ಹೂವಿನಂಥ ನೆರಳಿರುವ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಬಹುಪಾಲು ಗಾಯಗಳು ಇದ್ದ ಹಾಗೆಯೇ ಇದ್ದವು. ಕೆಟ್ಟದಕ್ಕೆ ತಿರುಗಿದ್ದು ತೀರಾ ಕೆಲವು. ಕ್ಯಾನ್ಸರಾದವರೆಲ್ಲರಲ್ಲಿ ಪಕ್ಕದಲ್ಲಿ ಎಲ್‌ಇಜಿಎಚ್ ಸಿಗುವುದೂ ಇಲ್ಲ. ದಾರಿಯೊಂದಿದೆ ಎಂಬುದು ಕಾಣುತ್ತಿದೆ. ಅದರಲ್ಲಿ ನಡೆಯುವವರು ಕೆಲವರೇ, ಬೇರೆ ದಾರಿಗಳೂ ಇರಬಹುದು.

ಈ ‘ಸಂಭಾವ್ಯ’ವನ್ನು ಹೊತ್ತು ಬದುಕಬೇಕಾದವಳು ಗಾಜಿನ ಪಟ್ಟಿಯ ಆಚೆಗಿನ ಹೆಂಗಸು. ಅವಳಿಗೆ ನೋವಿಲ್ಲ. ರಕ್ತಸ್ರಾವವೂ ಇಲ್ಲದಿರಬಹುದು. ನೀರಿನಂಥ ಸ್ರಾವ ಮಾತ್ರ, ದಿನವಿಡೀ. ನಮ್ಮಲ್ಲಾದರೆ ಬಿಳಿಸೆರಗು ಎಂದು ಅದನ್ನು ಹತ್ತಿರದವರೊಂದಿಗೂ ಹೇಳಿಕೊಳ್ಳದೆ ಎಷ್ಟೋ ಹೆಂಗಸರು ಸಹಿಸುತ್ತಾರೆ. ಹೇಳಿಕೊಂಡರೂ ಉಷ್ಣವೆಂದೋ ಸೋಂಕೆಂದೋ ಔಷಧಿ ಸಿಗುತ್ತದೆ. ನಿಜಕ್ಕೂ ಹೆಚ್ಚಿನ ಸಲ ಅದು ಸೋಂಕೇ ಆಗಿರುತ್ತದೆ. ಮದ್ದಿಗೆ ಬಗ್ಗದೆ ತಿಂಗಳುಗಟ್ಟಲೆ ಮುಂದುವರಿದಾಗ ಮಾತ್ರ ಪ್ರಶ್ನೆ ಬೇರೆಯಾಗುತ್ತದೆ. ಎಚ್‌ಪಿವಿ ಪರೀಕ್ಷೆ ಮಾಡಿಸಿದರೆ ವರದಿ ‘ನೆಗೆಟಿವ್’ ಎನ್ನುತ್ತದೆ. ಹೊರಬಾಯಿಯನ್ನು ಕಣ್ಣಿಂದ ನೋಡಿದರೆ ನುಣುಪಾಗಿಯೇ ಇರುತ್ತದೆ. ಮೇಲ್ಮೈಯಿಂದ ತೆಗೆದ ಚಿಕ್ಕ ಬಯಾಪ್ಸಿಗೆ ಆಳದಲ್ಲಿರುವುದು ಸಿಗದೆ ಹೋಗಬಹುದು. ಮೂರು ಬಾಗಿಲಲ್ಲೂ ‘ಏನಿಲ್ಲ’ ಎನ್ನಿಸಿಕೊಂಡು ಅವಳು ಮನೆಗೆ ಮರಳುತ್ತಾಳೆ.

ಇನ್ನು ಕೆಲವರ ಗುರುತು ಮುಖದಲ್ಲೇ ಇರುತ್ತದೆ. ತುಟಿಯ ಮೇಲೆ, ಬಾಯೊಳಗೆ ಎಳವೆಯಲ್ಲೇ ಮೂಡಿದ ಕಪ್ಪು ಚುಕ್ಕೆಗಳು, ಕರುಳಿನಲ್ಲಿ ಗಂಟುಗಳು. ಇದು ಪೋಯ್ಟ್ಸ್ ಜೆಗರ್ಸ್ ಸಿಂಡ್ರೋಮ್. ನೆದರ್‌ಲ್ಯಾಂಡ್ಸಿನ ಯಾನ್ ಪೋಯ್ಟ್ಸ್ 1921ರಲ್ಲಿ, ಅಮೆರಿಕದ ಹ್ಯಾರಲ್ಡ್ ಜೆಗರ್ಸ್ 1949ರಲ್ಲಿ ವಿವರಿಸಿದ ವಂಶವಾಹಿ ಕಾಯಿಲೆ. ಇದರ ಹಿಂದಿರುವ ಎಸ್‌ಟಿಕೆ11 ಜೀನ್ 1998ರಲ್ಲಿ ಗೊತ್ತಾಯಿತು. ಈ ಸಿಂಡ್ರೋಮ್ ಇರುವ ಹೆಂಗಸರಲ್ಲಿ ಎಲ್‌ಇಜಿಎಚ್ ಕೂಡ, ಜಠರದ ಬಗೆಯ ಗರ್ಭಕಂಠ ಕ್ಯಾನ್ಸರ್ ಕೂಡ ಇತರರಿಗಿಂತ ಹೆಚ್ಚು. ಚುಕ್ಕೆಗಳು ವಯಸ್ಸಾದಂತೆ ಮಾಸಬಹುದು, ಅಪಾಯ ಮಾಸುವುದಿಲ್ಲ. ಹಾಗಾಗಿ ಅವರ ಗರ್ಭಕಂಠದ ಮೇಲೆ ಆಯುಸ್ಸಿಡೀ ಕಣ್ಣಿಡಬೇಕು.

ಹೂವಿನಂಥ ನೆರಳು ಸಿಕ್ಕಿದ ಮೇಲೆ ಮಾಡುವುದೇನು? ಹಿಂದೆ ಅನುಮಾನವೆದ್ದರೆ ಗರ್ಭಕೋಶವನ್ನೇ ತೆಗೆಯುತ್ತಿದ್ದರು. ಈಗ ಜಪಾನಿನ ಅನುಭವಿ ಕೇಂದ್ರಗಳಲ್ಲಿ ನಡೆ ನಿಧಾನದ್ದು. ಕೋಶಗಳಲ್ಲಿ ಅಸಹಜತೆ ಇಲ್ಲ, ಎಂಆರ್‌ಐಯಲ್ಲಿ ಗುಳ್ಳೆಗಳ ನಡುವೆ ಗಟ್ಟಿ ಬೆಳವಣಿಗೆ ಇಲ್ಲ ಎಂದಾದರೆ ನಿಗದಿತ ಅವಧಿಗೊಮ್ಮೆ ಮತ್ತೆ ಮತ್ತೆ ನೋಡುತ್ತಾರೆ. ಅನುಮಾನ ಉಳಿದರೆ ಗರ್ಭಕಂಠದಿಂದ ಶಂಕುವಿನಾಕಾರದ ಆಳವಾದ ತುಣುಕನ್ನು ತೆಗೆದು ಪರೀಕ್ಷಿಸುತ್ತಾರೆ. ಗಾಯ ದೊಡ್ಡದಾದರೆ, ಕೋಶಗಳ ಚಹರೆ ಕೆಟ್ಟರೆ ಶಸ್ತ್ರಚಿಕಿತ್ಸೆ. ಇನ್ನೂ ಮಗುವಿನ ಆಸೆ ಇಟ್ಟುಕೊಂಡ ಹೆಂಗಸಿಗೆ ಈ ನಿಧಾನ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ಓದಿ ಯಾರೂ ಎಚ್‌ಪಿವಿ ಲಸಿಕೆಯ ಮೇಲೆ, ತಪಾಸಣೆಯ ಮೇಲೆ ನಂಬಿಕೆ ಕಳೆದುಕೊಳ್ಳಬಾರದು. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತಗುಲಿತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಇದರಲ್ಲಿ ಬಹುಪಾಲು ವೈರಸ್ಸಿನಿಂದ ಬಂದದ್ದು, ತಡೆಯಬಹುದಾಗಿದ್ದದ್ದು. ನಮ್ಮ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸುವುದು, ಮೂವತ್ತು ದಾಟಿದವರನ್ನು ತಪಾಸಣೆಗೆ ಕರೆದೊಯ್ಯುವುದು ಇಂದಿನ ಮೊದಲ ಕೆಲಸ. ಆದರೆ ಆ ಕೆಲಸ ಗೆಲ್ಲುತ್ತ ಹೋದ ನಾಡಿನಲ್ಲಿ ವೈರಸ್ಸಿನ ಕ್ಯಾನ್ಸರ್ ಇಳಿಮುಖವಾದಂತೆ, ವೈರಸ್ ಇಲ್ಲದ ಈ ಕ್ಯಾನ್ಸರಿನ ಪಾಲು ತಾನಾಗಿಯೇ ಏರುತ್ತದೆ. ಆಗ ‘ನೆಗೆಟಿವ್’ ಎಂಬ ವರದಿ ಯಾವ ಪ್ರಶ್ನೆಗೆ ಉತ್ತರ, ಯಾವುದಕ್ಕೆ ಅಲ್ಲ ಎಂಬುದನ್ನು ವೈದ್ಯರೂ ಹೆಂಗಸರೂ ತಿಳಿದಿರಬೇಕಾಗುತ್ತದೆ. ಆ ವರದಿ ವೈರಸ್ ಇಲ್ಲವೆಂದಷ್ಟೇ ಹೇಳುತ್ತದೆ. ನೀರಿನಂತೆ ಸುರಿಯುತ್ತಿರುವ ಸ್ರಾವಕ್ಕೆ ಕಾರಣ ಹೇಳುವುದಿಲ್ಲ. ಕಾರಣ ಸಿಗುವವರೆಗೂ ಕೇಳುವ ಹಕ್ಕು ಅವಳದು. ನಾಳದ ಮೇಲ್ಭಾಗದವರೆಗೂ ನೋಡುವ, ಲೋಳೆಯ ಬಣ್ಣವನ್ನೂ ಓದುವ ಹೊಣೆ ವೈದ್ಯಕೀಯದ್ದು. ಅಪರೂಪದ ಕಾಯಿಲೆ ಎಂಬುದು ಎಣಿಕೆಯ ಮಾತು. ಅದು ಬಂದವಳಿಗೆ ಸಿಗಬೇಕಾದ ಗಮನ ಎಣಿಕೆಯಿಂದ ಕಡಿಮೆಯಾಗಕೂಡದು.